ಪದವಿ ಕೈಗೆ ಬಂದ ಮರುದಿನ

ಪಾರ್ಶ್ವವಾಯು ಬಡಿದ ರೋಗಿಯೊಬ್ಬನಿಗೆ ಒಂದು ಚಮಚ ನೀರು ಕುಡಿಸುತ್ತಾರೆ. ಅವನು ಕೆಮ್ಮುವುದಿಲ್ಲ, ಮುಖದಲ್ಲಿ ಸಂಕಟವೂ ತೋರದು. ನೀರು ಜಠರಕ್ಕೆ ಇಳಿಯಿತೆಂದು ನಾವಾದರೆ ಸಮಾಧಾನಪಟ್ಟೇವು. ಆದರೆ ಗಂಟಲಿನ ಸಂವೇದನೆ ಕುಂದಿದ್ದರೆ, ನೀರು ಶ್ವಾಸನಾಳವನ್ನು ಹೊಕ್ಕರೂ ಕೆಮ್ಮು ಬಾರದಿರುವುದುಂಟು. ಹೀಗೆ ಸದ್ದಿಲ್ಲದೆ ಒಳಸೇರಿದ ಆಹಾರಪಾನೀಯಗಳಿಂದ ನ್ಯುಮೋನಿಯ ತಲೆದೋರಬಹುದು. ಇವನಿಗೆ ಬಾಯಿಂದ ಆಹಾರ ಕೊಡಬಹುದೇ ಎಂದು ಪರೀಕ್ಷಿಸಿ ಹೇಳಬೇಕಾದವಳು ವಾಕ್‌ಚಿಕಿತ್ಸಕಿ. ಆಕೆ ಹೋದ ತಿಂಗಳಷ್ಟೇ ಪದವಿ ಪಡೆದವಳಾಗಿದ್ದರೆ?

ತೊದಲು ತಿದ್ದುವವರಿಗೆ ನುಂಗುವಿಕೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಎರಡಕ್ಕೂ ತುಟಿ, ನಾಲಗೆ, ಅಂಗುಳ, ಧ್ವನಿಪೆಟ್ಟಿಗೆಗಳೇ ಸಾಧನ. ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿರಿ: ಧ್ವನಿಪೆಟ್ಟಿಗೆ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಅದು ಮುಚ್ಚಿಕೊಂಡು, ಉಸಿರಾಟವೂ ತಡೆಯುತ್ತದೆ. ಈ ಕ್ರಿಯೆ ತಪ್ಪಿದೆಯೇ ಎಂಬುದನ್ನು ಹೊರಗಿನಿಂದ ನಿಶ್ಚಯಿಸುವುದು ಕಷ್ಟ. ಬೇರಿಯಂ ಬೆರೆಸಿದ ಆಹಾರವನ್ನು ಕೊಟ್ಟು ಕ್ಷ-ಕಿರಣದ ಚಲಚ್ಚಿತ್ರವನ್ನು ತೆಗೆದರೆ ತಿಳಿದೀತು. ಅಂಥ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿಯೂ ಇಲ್ಲ. ಗ್ರಂಥದ ಚಿತ್ರದಲ್ಲಿ ಗಂಟಲು ನಿಶ್ಚಲವಾಗಿದೆ, ಬಾಣದ ಗುರುತುಗಳೂ ಇವೆ. ಹಾಸಿಗೆಯಲ್ಲಿರುವವನೋ ತೂಕಡಿಸುತ್ತಾನೆ; ಮನೆಯವರು ಕಾಫಿಯ ಲೋಟ ಹಿಡಿದು ಕಾದಿದ್ದಾರೆ.

ಅಮೆರಿಕದಲ್ಲಿ ವೃತ್ತಿಯ ಪ್ರಮಾಣಪತ್ರ ಬಯಸುವವರು ವಿದ್ಯಾರ್ಥಿದೆಸೆಯಲ್ಲಿ 400 ಗಂಟೆಗಳ ಚಿಕಿತ್ಸಾನುಭವ ಪಡೆಯಬೇಕು. ಇದರಲ್ಲಿ 25 ಗಂಟೆ ಬರಿಯ ವೀಕ್ಷಣೆ. ಪದವಿಯ ತರುವಾಯವೂ ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಕಡಮೆಯೆಂದರೆ 36 ವಾರ, ಒಟ್ಟು 1,260 ಗಂಟೆ ದುಡಿಯಬೇಕು. ನಮ್ಮ ದೇಶದಲ್ಲಿ ನಾಲ್ಕು ವರ್ಷದ ಪದವಿಯ ಕೊನೆಯ ವರ್ಷವೇ ಇಂಥ ತರಬೇತಿಗೆ ಮೀಸಲು.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹಲವು ಪ್ರಾಂತಗಳ ವಿದ್ಯಾರ್ಥಿಗಳು ಬರುತ್ತಾರೆ. ಹಳ್ಳಿಯ ಬಾಲಕನು ಹಾಲನ್ನು ‘ಆಲು’ ಎಂದರೆ ಅದು ಉಚ್ಚಾರದೋಷವೇ? ಅವನ ತಾಯಿ, ಅಜ್ಜಿ, ಕೇರಿಯವರೆಲ್ಲ ‘ಆಲು’ ಎನ್ನುವವರಾದರೆ ಅದು ಆ ಸೀಮೆಯ ನುಡಿ, ಚಿಕಿತ್ಸೆ ಬೇಡ. ಕನ್ನಡ ಬಾರದ ಹೊಸ ಪದವೀಧರೆಗೆ ಇದು ಹೇಗೆ ತಿಳಿಯಬೇಕು? ತಾಯಿಯನ್ನು ಮಾತಾಡಿಸಿಯೇ ತಿಳಿಯಬೇಕು. ಪಟ್ಟಣದಲ್ಲಿ ಬೆಳೆದ ಕನ್ನಡಿಗರೂ ಇಲ್ಲಿ ಎಡವಿಯಾರು.

‘ನನಗೆ ಧೈರ್ಯ ಸಾಲದು’ ಎನ್ನುವವಳನ್ನು ಅಸಮರ್ಥಳೆಂದು ನಾವು ತಿಳಿಯೆವು. ಧೈರ್ಯವೇ ಬೇರೆ, ಸಾಮರ್ಥ್ಯವೇ ಬೇರೆ. ಆ ಪಾರ್ಶ್ವವಾಯುವಿನ ರೋಗಿಯ ಮಗ್ಗುಲಲ್ಲಿ ಆಕೆ, ‘ಇವರು ಪೂರ್ಣ ಎಚ್ಚರಗೊಳ್ಳಲಿ; ಹಿರಿಯರನ್ನು ಕರೆಯುತ್ತೇನೆ’ ಎನ್ನುತ್ತಾಳೆ. ಮನೆಯವರು ಗೊಣಗುತ್ತಲೇ ಲೋಟವನ್ನು ಕೆಳಗಿಡುತ್ತಾರೆ.