ವೆರೋನದ ಎರಡು ಮನೆತನಗಳು

ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳಲ್ಲಿ ನಮ್ಮ ವಿದ್ಯಾವಂತರಿಗೆ ಹೆಸರಿನಿಂದ ಮಾತ್ರ ತಿಳಿದಿರುವುವು ಅನೇಕವಿರಬಹುದು. ಆದರೆ ರೋಮಿಯೋ ಮತ್ತು ಜೂಲಿಯೆಟ್ಟರ ನಾಟಕ ಅಂಥದಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಅದು ‘ರಾಮವರ್ಮ ಲೀಲಾವತಿ’ ಎಂಬ ಹೆಸರಿನಿಂದ ಕನ್ನಡದ ಉಡುಪನ್ನು ತೊಟ್ಟು ಬಂದಿತು. ಆದಕಾರಣ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಶ್ರೋತೃಗಳ ಹೊತ್ತನ್ನು ಕಳೆಯುವುದು ನಮ್ಮ ಉದ್ದೇಶವಲ್ಲ. ಕಥೆಯನ್ನು ಬಲ್ಲವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುವುದುಂಟು. ವಿಧಿಯು ಆ ಎಳೆಯರನ್ನು ಕೊಂದಿತು ಎಂಬುದು ಒಂದು; ಹಿರಿಯರ ಕ್ರೂರವಾದ ದ್ವೇಷವು ಅವರನ್ನು ಕೊಂದಿತು ಎಂಬುದು ಇನ್ನೊಂದು. ತರಗತಿಗಳಲ್ಲಿ ಈ ನಾಟಕವನ್ನು ವರ್ಷ ವರ್ಷವೂ ಓದಿಸಿದಮೇಲೆ ನಮಗೆ ಈ ಎರಡರಲ್ಲಿ ಯಾವುದೂ ಸಾಲದೆಂದು ತೋರಿದೆ. ಅವರನ್ನು ಕೊಂದದ್ದು, ಹೇಳಲೇಬೇಕಾಗಿದ್ದ ಒಂದು ಮಾತನ್ನು ಯಾರೂ ಯಾರಿಗೂ ಹೇಳಲಾರದಂತಹ ಸ್ಥಿತಿ. ಹಗೆತನವೆಂಬುದು ಮನೆಗಳಲ್ಲಿ ಮಾಡುವ ಮುಖ್ಯವಾದ ಕೆಲಸ ಅದೇ ಎಂದು ಕವಿಯು ಕಂಡಿದ್ದನೆಂದು ನಮ್ಮ ಅಭಿಪ್ರಾಯ.

ಕಥೆಯು ಷೇಕ್ಸ್‌ಪಿಯರನ ಸ್ವಂತದ್ದಲ್ಲ. ಈ ಎರಡು ಮನೆತನಗಳ ಹೆಸರುಗಳನ್ನು ಡಾಂಟೆ ಕವಿಯು ತನ್ನ ಮಹಾಕಾವ್ಯದ ಎರಡನೆಯ ಭಾಗದಲ್ಲಿ ಒಟ್ಟಿಗೆ ಹೇಳಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಲೂಯಿಜಿ ದ ಪೋರ್ತೊ ಎಂಬ ಇಟಲಿಯ ಲೇಖಕನು ಪ್ರೇಮಿಗಳ ಕಥೆಯನ್ನು ವೆರೋನ ನಗರದಲ್ಲಿ ನೆಲೆಗೊಳಿಸಿದನು. ಬಾಂದೆಲ್ಲೊ 1554ರಲ್ಲಿ ಅದನ್ನು ಹಿಗ್ಗಿಸಿ ಬರೆದನು. ಅಲ್ಲಿಂದ ಅದು ಫ್ರೆಂಚಿಗೆ ಬಂದು, 1562ರಲ್ಲಿ ಆರ್ಥರ್ ಬ್ರೂಕನೆಂಬವನ ಕೈಯಲ್ಲಿ ಇಂಗ್ಲಿಷಿನ ಉದ್ದವಾದ ಪದ್ಯಕಥೆಯಾಯಿತು. ಈ ಬ್ರೂಕನು ತನ್ನ ಮುನ್ನುಡಿಯಲ್ಲಿ, ತಂದೆತಾಯಿಗಳ ಬುದ್ಧಿವಾದವನ್ನು ಕಡೆಗಣಿಸಿ ದಾದಿಯರನ್ನೂ ಸಂನ್ಯಾಸಿಗಳನ್ನೂ ನಂಬಿದವರ ಗತಿ ಹೀಗೆಯೇ ಎಂದು ಎಚ್ಚರಿಕೆ ಹೇಳುತ್ತಾನೆ. ಷೇಕ್ಸ್‌ಪಿಯರನು 1595ರ ಸುಮಾರಿನಲ್ಲಿ ನಾಟಕವನ್ನು ಬರೆಯುವಾಗ ಬ್ರೂಕನ ಪುಸ್ತಕವನ್ನು ಮುಂದೆ ತೆರೆದಿಟ್ಟುಕೊಂಡಿದ್ದನೆಂದೇ ಹೇಳಬಹುದು. ಆದರೆ ಈ ಉಪದೇಶವನ್ನು ಮಾತ್ರ ಅವನು ಮುಟ್ಟಲಿಲ್ಲ. ಅದಲ್ಲದೆ ಎರಡು ದೊಡ್ಡ ಮಾರ್ಪಾಡುಗಳನ್ನು ಮಾಡಿದನು. ಬ್ರೂಕನಲ್ಲಿ ತಿಂಗಳುಗಟ್ಟಲೆ ಹರಡಿಕೊಂಡಿದ್ದ ಕಥೆಯು ನಾಟಕದಲ್ಲಿ ಭಾನುವಾರ ಬೆಳಗ್ಗೆ ಆರಂಭವಾಗಿ ಗುರುವಾರ ನಸುಕಿಗೆ ಮುಗಿದುಹೋಗುತ್ತದೆ. ಬ್ರೂಕನಲ್ಲಿ ಹದಿನಾರು ವರ್ಷದವಳಾಗಿದ್ದ ಜೂಲಿಯೆಟ್ಟಳಿಗೆ ಇಲ್ಲಿ ಇನ್ನೂ ಹದಿನಾಲ್ಕು ತುಂಬಿಲ್ಲ. ಯೋಚನೆಮಾಡುವುದಕ್ಕೆ ಹೊತ್ತೂ ಇಲ್ಲ, ವಯಸ್ಸೂ ಇಲ್ಲ.

ಇನ್ನು ಹಗೆತನದ ವಿಷಯ. ಮಾಂಟೆಗ್ಯೂ ಮನೆಯವರಿಗೂ ಕ್ಯಾಪುಲೆಟ್ ಮನೆಯವರಿಗೂ ಏತಕ್ಕೆ ವೈರವುಂಟಾಯಿತು? ಭೂಮಿಯ ವ್ಯಾಜ್ಯವೆ, ಕೊಲೆಯೆ, ಮರ್ಯಾದೆಯ ಮಾತೆ? ಐದು ಅಂಕಗಳನ್ನು ಜಾಲಾಡಿದರೂ ಉತ್ತರ ಸಿಕ್ಕುವುದಿಲ್ಲ. ಅದು ಹಳೆಯದು ಎಂಬುದೊಂದೇ ನಮಗೆ ತಿಳಿಯುವ ಸಂಗತಿ. ಕವಿಯು ಮರೆತು ಬಿಟ್ಟನೆಂದು ಹೇಳುವಂತಿಲ್ಲ. ಮೊದಲನೆಯ ನೋಟವನ್ನು ಅವನು ಯಾರಿಂದ ಆರಂಭಿಸಿದ್ದಾನೆಂಬುದನ್ನು ನೋಡಿದರೆ ಅವನ ಮನಸ್ಸು ಗೊತ್ತಾಗುತ್ತದೆ. ರಂಗಕ್ಕೆ ಮೊದಲು ಬರುವವರು ಯಜಮಾನರಲ್ಲ, ಕ್ಯಾಪುಲೆಟ್ ಮನೆಯ ಇಬ್ಬರು ಆಳುಗಳು. ಎದುರು ಮನೆಯ ಆಳುಗಳು ಕಾಣಿಸಿದೊಡನೆ ಇವರಲ್ಲೊಬ್ಬನು ಹೆಬ್ಬೆರಳನ್ನು ಕಚ್ಚಿ ತೋರಿಸುತ್ತಾನೆ. ಅದು ಅಲ್ಲಿಯ ಅವಮಾನದ ಸನ್ನೆ. ನಮ್ಮನ್ನು ನೋಡಿಯೇ ಕಚ್ಚಿದೆಯೋ ಎಂದು ಅವರು ಕೇಳಿದಾಗ, ಈ ಶೂರನು ಜೊತೆಗಾರನ ಕಡೆಗೆ ತಿರುಗಿ, ಹೌದೆಂದರೆ ಕಾನೂನು ನಮ್ಮ ಪಕ್ಷದಲ್ಲಿರುವುದೋ ಎಂದು ಮೆಲ್ಲನೆ ವಿಚಾರಿಸುತ್ತಾನೆ! ಇಲ್ಲವೆಂದು ತಿಳಿದಮೇಲೆ, ಬೆರಳನ್ನು ಕಚ್ಚಿದ್ದು ನಿಜ, ನಿಮ್ಮನ್ನು ಕುರಿತು ಮಾತ್ರ ಅಲ್ಲ ಎನ್ನುತ್ತಾನೆ. ಇವರಲ್ಲಿ ದ್ವೇಷವೆಲ್ಲಿದೆ? ಇರುವುದು ಬಿಸಿಲು, ಬಿಡುವು, ಸೊಂಟದಲ್ಲಿ ಕತ್ತಿ, ಯಜಮಾನನ ಕಡೆಯವರು ಬರುತ್ತಿರುವರೆಂಬ ಧೈರ್ಯ. ಅಷ್ಟರಿಂದಲೇ ಊರೆಲ್ಲ ಬೀದಿಗೆ ಬೀಳುತ್ತದೆ. ಮುದುಕ ಕ್ಯಾಪುಲೆಟ್ಟನು ಮನೆಯುಡುಪಿನಲ್ಲಿಯೇ ಓಡಿಬಂದು ತನ್ನ ಹಳೆಯ ಖಡ್ಗವನ್ನು ತರಹೇಳುತ್ತಾನೆ; ನಿಮಗೆ ಬೇಕಾದದ್ದು ಊರುಗೋಲು ಎಂದು ಹೆಂಡತಿ ಹಂಗಿಸುತ್ತಾಳೆ.

ಇದೇ ಮುದುಕನು ಅಂದೇ, ಕೋಪವಿಳಿದಮೇಲೆ, ನಮ್ಮಂಥ ವಯಸ್ಸಾದವರು ಶಾಂತಿಯಿಂದಿರುವುದೇನೂ ಕಷ್ಟವಲ್ಲ ಎನ್ನುತ್ತಾನೆ. ರಾತ್ರಿಯ ಔತಣಕ್ಕೆ ರೋಮಿಯೋ ಮೊಗವಾಡ ಹಾಕಿಕೊಂಡು ಬಂದಿರುವನೆಂದು ಟಿಬಾಲ್ಟನು ಕಿಡಿಕಿಡಿಯಾದರೆ, ಆ ಹುಡುಗನು ಸುಶೀಲನೆಂದು ಊರೆಲ್ಲ ಹೊಗಳುತ್ತದೆ, ನನ್ನ ಮನೆಯಲ್ಲಿ ಅವನಿಗೆ ಅವಮಾನವಾಗಕೂಡದು ಎಂದು ಗದರಿಸುತ್ತಾನೆ. ಇನ್ನೊಂದು ಸಂಗತಿಯನ್ನು ಓದುಗರು ಬಹುಮಟ್ಟಿಗೆ ಗಮನಿಸುವುದಿಲ್ಲ. ಜೂಲಿಯೆಟ್ಟಳನ್ನು ಕಾಣುವ ಮೊದಲು ರೋಮಿಯೋ ಯಾರಿಗಾಗಿ ನಿಟ್ಟುಸಿರು ಬಿಡುತ್ತಿದ್ದನೋ ಆ ರೋಸಲೈನಳು ಕ್ಯಾಪುಲೆಟ್ಟನ ಹತ್ತಿರದ ಬಂಧುವಿನ ಮಗಳು! ಅವಳು ಒಲಿಯಲಿಲ್ಲವೆಂದು ಅವನು ಗೋಳಾಡುತ್ತಾನೆಯೇ ಹೊರತು, ಶತ್ರುವಿನ ಮನೆಯವಳೆಂದು ಅವನಾಗಲಿ ಅವನ ಗೆಳೆಯರಾಗಲಿ ಒಂದು ಮಾತನ್ನೂ ಆಡುವುದಿಲ್ಲ. ರೋಮಿಯೋವಿನ ಪರಮಮಿತ್ರನಾದ ಮರ್ಕ್ಯೂಷಿಯೋವಿನ ಹೆಸರು ಕ್ಯಾಪುಲೆಟ್ಟನ ಆಮಂತ್ರಣದ ಪಟ್ಟಿಯಲ್ಲಿಯೇ ಇದೆ. ಅಂದಮೇಲೆ ಈ ಹಗೆಯು ದಾಟಲಾರದ ಕೋಟೆಯಾಗಿರಲಿಲ್ಲ. ಹಿರಿಯರಿಗೆ ಅದರಲ್ಲಿ ಬೇಸರವೇ ಬಂದಿತ್ತು. ಆದರೂ ಅದನ್ನು ಬಿಟ್ಟೆವೆಂದು ಮೊದಲು ಬಾಯಿಬಿಟ್ಟು ಹೇಳುವವರಾರು?

ಔತಣದಲ್ಲಿ ಇಬ್ಬರೂ ಸಂಧಿಸುವ ಹದಿನಾಲ್ಕು ಪಂಕ್ತಿಗಳು ಒಂದು ಪೂರ್ಣವಾದ ಸುನೀತವಾಗಿವೆ. ಅವನು ಒಂದು ಭಾಗ, ಅವಳು ಒಂದು ಭಾಗ ಹೇಳಿ ಪದ್ಯವನ್ನು ಮುಗಿಸುತ್ತಾರೆ. ಇಬ್ಬರಿಗೂ ಇನ್ನೂ ಮತ್ತೊಬ್ಬರ ಹೆಸರು ಗೊತ್ತಿಲ್ಲ. ಹೆಸರು ತಿಳಿಯುವುದು ಆಮೇಲೆ. ಅನಂತರ ಬರುವ ತೋಟದ ನೋಟವು ಜಗತ್ಪ್ರಸಿದ್ಧವಾದದ್ದು. ಇಲ್ಲಿ ಒಂದು ಮಾತನ್ನು ಹೇಳಿಬಿಡಬಹುದು: ಆ ನೋಟದೊಂದಿಗೆ ಎಲ್ಲರೂ ಸೇರಿಸುವ ಉಪ್ಪರಿಗೆಯ ಮೊಗಸಾಲೆಯು ಮೂಲದಲ್ಲಿ ಎಲ್ಲಿಯೂ ಇಲ್ಲ, ಜೂಲಿಯೆಟ್ಟಳು ಮೇಲೆ ಕಿಟಕಿಯಲ್ಲಿ ಕಾಣಿಸಿಕೊಳ್ಳುವಳು, ಅಷ್ಟೆ. ವೆರೋನದಲ್ಲಿ ಅವಳ ಮನೆಯೆಂದು ಯಾತ್ರಿಕರಿಗೆ ತೋರಿಸುವ ಕಟ್ಟಡದ ಮೊಗಸಾಲೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಜೋಡಿಸಿದರು. ಮಾರನೆಯ ದಿನ ಮಧ್ಯಾಹ್ನ ಲಾರೆನ್ಸನೆಂಬ ಸಂನ್ಯಾಸಿಯು ಗುಟ್ಟಾಗಿ ವಿವಾಹವನ್ನು ಮಾಡಿಸುತ್ತಾನೆ. ಈ ಸಂಬಂಧದಿಂದ ಎರಡು ಮನೆಗಳ ವೈರವು ಸ್ನೇಹವಾಗಬಹುದೆಂದು ಅವನ ಆಸೆ. ಆಸೆಯು ಒಳ್ಳೆಯದೇ. ಆದರೆ ಎರಡು ಮನೆಗಳನ್ನು ಕೂಡಿಸಬೇಕಾದ ಮದುವೆಯನ್ನು ಎರಡು ಮನೆಗಳಿಗೂ ತಿಳಿಯದಂತೆ ಮಾಡಿಟ್ಟರೆ ಅದು ಅವರನ್ನು ಹೇಗೆ ಕೂಡಿಸೀತು? ತಕ್ಕ ಸಮಯ ಬಂದಾಗ ಹೇಳೋಣವೆಂದು ಅವನು ಕಾದನು. ತಕ್ಕ ಸಮಯವು ಬರಲಿಲ್ಲ.

ಮದುವೆಯಾಗಿ ಇನ್ನೂ ಒಂದು ಗಳಿಗೆ ಕಳೆದಿಲ್ಲ. ರೋಮಿಯೋ ಬೀದಿಗೆ ಬರುತ್ತಾನೆ. ಹಿಂದಿನ ರಾತ್ರಿಯ ಸಿಟ್ಟನ್ನು ನುಂಗಿಕೊಂಡಿದ್ದ ಟಿಬಾಲ್ಟನು ಅವನನ್ನು ನೀಚನೆಂದು ಕರೆದು ಕಾಳಗಕ್ಕೆ ಕೂಗುತ್ತಾನೆ. ನಾಟಕದ ಕೀಲು ಇರುವುದು ಇಲ್ಲಿ. ಟಿಬಾಲ್ಟನು ಈಗ ರೋಮಿಯೋವಿಗೆ ಹೆಂಡತಿಯ ಕಡೆಯ ಅಣ್ಣನಾಗಬೇಕು. ಅದನ್ನು ಅವನು ಹೇಳುವಂತಿಲ್ಲ. ನಿನ್ನನ್ನು ಪ್ರೀತಿಸುವುದಕ್ಕೆ ನನಗೆ ಕಾರಣವುಂಟು, ಕ್ಯಾಪುಲೆಟ್ ಎಂಬ ಹೆಸರು ನನಗೆ ನನ್ನ ಹೆಸರಿನಷ್ಟೇ ಪ್ರಿಯವಾದದ್ದು, ಎಂದು ಮಾತ್ರ ಹೇಳುತ್ತಾನೆ. ಕಾರಣವೇನೆಂಬುದು ಮುಂದೆ ತಿಳಿದೀತು ಎನ್ನುತ್ತಾನೆ. ಅರ್ಧ ಹೇಳಿದ ಈ ಸತ್ಯವು ಸುಳ್ಳಿಗಿಂತ ಹೆಚ್ಚು ಕೇಡನ್ನು ಮಾಡುತ್ತದೆ. ಟಿಬಾಲ್ಟನಿಗೆ ಅದು ಅಣಕವಾಗಿ ಕೇಳುತ್ತದೆ; ಮರ್ಕ್ಯೂಷಿಯೋವಿಗೆ ಹೇಡಿತನವಾಗಿ ಕೇಳುತ್ತದೆ. ಗೆಳೆಯನ ಮಾನವನ್ನುಳಿಸಲು ಮರ್ಕ್ಯೂಷಿಯೋ ತಾನೇ ಕತ್ತಿಯನ್ನು ಹಿರಿಯುತ್ತಾನೆ. ಬಿಡಿಸಲು ರೋಮಿಯೋ ನಡುವೆ ನುಗ್ಗುತ್ತಾನೆ. ಅವನ ತೋಳಿನ ಕೆಳಗಿನಿಂದ ಟಿಬಾಲ್ಟನ ಕತ್ತಿಯು ಮರ್ಕ್ಯೂಷಿಯೋವನ್ನು ತಿವಿಯುತ್ತದೆ. ಎರಡು ಮನೆಗಳಲ್ಲಿ ಯಾವುದಕ್ಕೂ ಸೇರದ, ಎರಡಕ್ಕೂ ಬೇಕಾಗಿದ್ದ, ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯನು ಎರಡು ಮನೆಗಳನ್ನೂ ಶಪಿಸಿ ಸಾಯುತ್ತಾನೆ. ತಾನು ಏತಕ್ಕಾಗಿ ಸತ್ತೆನೆಂಬುದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ರೋಮಿಯೋ ಟಿಬಾಲ್ಟನನ್ನು ಕೊಂದು ದೇಶಭ್ರಷ್ಟನಾಗುತ್ತಾನೆ.

ಬೀದಿಯಲ್ಲಿ ನಡೆದದ್ದೇ ಮತ್ತೆ ಮನೆಯೊಳಗೆ ನಡೆಯುತ್ತದೆ. ಜೂಲಿಯೆಟ್ಟಳ ತಂದೆಯನ್ನು ಕಟುಕನೆಂದು ತೀರ್ಮಾನಿಸುವುದು ನಮ್ಮ ವಿದ್ಯಾರ್ಥಿಗಳಲ್ಲಿ ವಾಡಿಕೆ. ಆದರೆ ಮೊದಲನೆಯ ಅಂಕದಲ್ಲಿ ಪ್ಯಾರಿಸನು ಹುಡುಗಿಯನ್ನು ಕೇಳಲು ಬಂದಾಗ ಇದೇ ತಂದೆಯು, ಅವಳು ಇನ್ನೂ ಚಿಕ್ಕವಳು, ಎರಡು ವರ್ಷ ಕಳೆಯಲಿ, ಮೊದಲು ನೀನು ಅವಳ ಮನಸ್ಸನ್ನು ಗೆಲ್ಲು, ಅವಳ ಒಪ್ಪಿಗೆಯಲ್ಲಿ ನನ್ನ ಒಪ್ಪಿಗೆ ಅಡಗಿದೆ ಎಂದಿದ್ದನು. ಉಳಿದ ಮಕ್ಕಳನ್ನೆಲ್ಲ ಮಣ್ಣಿಗೆ ಕೊಟ್ಟು ಇವಳೊಬ್ಬಳನ್ನೇ ಉಳಿಸಿಕೊಂಡ ತಂದೆ ಆತ. ಮಂಗಳವಾರದ ಹೊತ್ತಿಗೆ ಅವನು ಹೀಗೆ ಬದಲಾದದ್ದು ಹೇಗೆ? ಮಗಳು ಎಡೆಬಿಡದೆ ಅಳುತ್ತಿದ್ದಾಳೆ. ಟಿಬಾಲ್ಟನಿಗಾಗಿ ಅಳುತ್ತಿರುವಳೆಂದು ತಂದೆತಾಯಿಗಳು ತಿಳಿದಿದ್ದಾರೆ. ದುಃಖದಿಂದ ಹುಡುಗಿ ಹಾಳಾದಾಳೆಂದು ಮದುವೆಯನ್ನು ಬೇಗನೆ ಗೊತ್ತುಮಾಡುತ್ತಾರೆ. ಅಂದರೆ ಅವಳಿಗೆ ನೇಣಾದದ್ದನ್ನು ಅವರು ಔಷಧವೆಂದು ತಂದರು. ಅವಳು ಬೇಡವೆನ್ನುತ್ತಾಳೆ, ಏಕೆ ಬೇಡವೆಂಬುದನ್ನು ಹೇಳಲಾರಳು. ಕಾರಣವಿಲ್ಲದ ನಿರಾಕರಣೆಯು ತಂದೆಗೆ ಕೃತಘ್ನತೆಯಾಗಿ ಕಾಣುತ್ತದೆ. ಆಮೇಲೆ ಅವನ ಬಾಯಿಂದ ಹೊರಡುವ ಮಾತುಗಳು ನಿಜವಾಗಿಯೂ ಭಯಂಕರ: ಬೀದಿಯಲ್ಲಿ ತಿರಿದು ಉಪವಾಸದಿಂದ ಸಾಯಿ, ನೀನು ನನ್ನ ಮಗಳಲ್ಲ ಎನ್ನುತ್ತಾನೆ. ಅವನನ್ನು ಕ್ಷಮಿಸಬೇಕೆಂದು ನಾವು ಹೇಳುವುದಿಲ್ಲ. ಕತ್ತಲೆಯಲ್ಲಿ ಅವನು ಹೊಡೆಯುತ್ತಿದ್ದಾನೆ, ಯಾರಿಗೆ ಪೆಟ್ಟು ಬೀಳುತ್ತಿದೆಯೆಂದು ಅವನಿಗೆ ಕಾಣದು, ಎಂದಷ್ಟೇ ಹೇಳುತ್ತೇವೆ.

ತಾಯಿಯೂ ಮುಖ ತಿರುಗಿಸಿ ಹೊರಟುಹೋಗುತ್ತಾಳೆ. ಉಳಿದವಳು ದಾದಿ: ಹಾಲೂಡಿಸಿ ಸಾಕಿದವಳು, ಸಂದೇಶಗಳನ್ನು ಒಯ್ದವಳು, ಮನೆಯಲ್ಲಿ ಗುಟ್ಟನ್ನು ಬಲ್ಲವಳು ಅವಳೊಬ್ಬಳೇ. ಏನಾದರೂ ಸಮಾಧಾನ ಹೇಳೆಂದು ಹುಡುಗಿ ಕೇಳಿಕೊಂಡರೆ, ಪ್ಯಾರಿಸನನ್ನೇ ಮದುವೆಯಾಗಿಬಿಡು, ಅವನ ಮುಂದೆ ರೋಮಿಯೋ ಪಾತ್ರೆ ಒರಸುವ ಬಟ್ಟೆಗೆ ಸಮ ಎನ್ನುತ್ತಾಳೆ. ದಾದಿಯು ಕೆಟ್ಟವಳಲ್ಲ, ಲೋಕ ನಡೆಯುವ ರೀತಿಯನ್ನು ಕಂಡವಳು. ಇದನ್ನು ಮನಸ್ಸಿನಿಂದ ಹೇಳಿದೆಯಾ ಎಂದು ಜೂಲಿಯೆಟ್ಟಳು ಒಂದೇ ಪ್ರಶ್ನೆ ಕೇಳುತ್ತಾಳೆ. ಹೌದೆಂದು ಉತ್ತರ ಬಂದಮೇಲೆ, ನೀನು ನನಗೆ ಬಹಳ ಸಮಾಧಾನ ಹೇಳಿದೆ ಎಂದು ಅವಳನ್ನು ಕಳುಹಿಸಿಬಿಡುತ್ತಾಳೆ. ಹದಿಮೂರು ವರ್ಷದ ಹುಡುಗಿಯು ತನ್ನ ಬಾಲ್ಯವನ್ನು ಬಾಗಿಲ ಹೊರಕ್ಕೆ ಕಳುಹಿಸುವ ಈ ನಾಲ್ಕಾರು ಪಂಕ್ತಿಗಳು ತೋಟದ ನೋಟಕ್ಕಿಂತ ದೊಡ್ಡ ಕವಿತ್ವವೆಂದು ನಮಗೆ ತೋರುತ್ತದೆ. ಇದಾದಮೇಲೆ ಅವಳು ಆ ಮನೆಯಲ್ಲಿ ಯಾರೊಡನೆಯೂ ನಿಜವಾದ ಮಾತನ್ನಾಡುವುದಿಲ್ಲ.

ಉಳಿದದ್ದು ಸಂನ್ಯಾಸಿಯ ಮೂಲಿಕೆಯ ರಸ, ನಲವತ್ತೆರಡು ಗಂಟೆಗಳ ಸಾವಿನಂಥ ನಿದ್ರೆ, ತಲಪದೆ ಹೋದ ಕಾಗದ. ವಿಧಿವಾದಿಗಳು ಹಿಡಿಯುವುದು ಈ ಕಾಗದವನ್ನೇ. ಅದನ್ನು ಒಯ್ಯುತ್ತಿದ್ದ ಜಾನ್ ಎಂಬ ಸಂನ್ಯಾಸಿಯನ್ನು, ಪ್ಲೇಗು ಸೋಂಕಿದ ಮನೆಯಲ್ಲಿದ್ದನೆಂಬ ಅನುಮಾನದಿಂದ, ಊರಿನ ತನಿಖೆಯವರು ಬಾಗಿಲಿಗೆ ಮುದ್ರೆಹಾಕಿ ಕೂಡಿಹಾಕಿದರು. ಪ್ಲೇಗಿನಿಂದ 1592ರಿಂದ 1594ರವರೆಗೆ ಬಹುಕಾಲ ನಾಟಕಶಾಲೆಗಳನ್ನೇ ಮುಚ್ಚಿದ್ದ ಲಂಡನ್ನಿನ ಪ್ರೇಕ್ಷಕರಿಗೆ ಇದು ಕಟ್ಟುಕಥೆಯಾಗಿ ಕಂಡಿರಲಾರದು. ಆಕಸ್ಮಿಕವೆಂಬುದೇನೋ ನಿಜ. ಆದರೆ ಅದೇ ಹೊತ್ತಿನಲ್ಲಿ ರೋಮಿಯೋವಿನ ಸ್ವಂತ ಆಳು ಬಾಲ್ತಸಾರನು ಜೂಲಿಯೆಟ್ಟಳ ಶವಸಂಸ್ಕಾರವನ್ನು ಕಣ್ಣಾರೆ ಕಂಡು, ಯಾವ ಅಡ್ಡಿಯೂ ಇಲ್ಲದೆ ಮಾಂಟುವ ನಗರವನ್ನು ಮುಟ್ಟುತ್ತಾನಲ್ಲ! ಈ ಆಳಿನ ಮೂಲಕವೇ ಸುದ್ದಿ ಕಳುಹಿಸುವೆನೆಂದು ಲಾರೆನ್ಸನು ಮೂರನೆಯ ಅಂಕದಲ್ಲಿ ಹೇಳಿದ್ದನು. ಆಮೇಲೆ ಗುಟ್ಟು ಇನ್ನೂ ದೊಡ್ಡದಾಗಿ, ಅವನಿಗೂ ಹೇಳದೆ ಉಳಿಯಿತು. ಹೀಗೆ ಸುಳ್ಳು ಸುದ್ದಿಗೆ ದಾರಿ ತೆರೆದಿತ್ತು, ನಿಜಕ್ಕೆ ಮುಚ್ಚಿತ್ತು. ನಮ್ಮ ಕಾಳಿದಾಸನಲ್ಲಿಯೂ ಸಾಕ್ಷಿಯಿಲ್ಲದ ವಿವಾಹವುಂಟು, ಕಳೆದುಹೋದ ಗುರುತುಂಟು. ಆದರೆ ಅಲ್ಲಿ ಉಂಗುರವು ಮೀನಿನ ಹೊಟ್ಟೆಯಿಂದ ಬರುವುದಕ್ಕೆ, ಮಗು ಬೆಳೆಯುವುದಕ್ಕೆ ಕಾಲಾವಕಾಶವಿದೆ. ವೆರೋನದಲ್ಲಿ ಇದ್ದದ್ದು ಗುರುವಾರದವರೆಗೆ.

ಈ ಮುಕ್ತಾಯವನ್ನು ಸಹಿಸಲಾರದೆ ಇಂಗ್ಲಿಷರೇ ಅದನ್ನು ತಿದ್ದಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಜೇಮ್ಸ್ ಹೋವರ್ಡ್ ಎಂಬವನು ಪ್ರೇಮಿಗಳನ್ನು ಬದುಕಿಸಿದನೆಂದೂ, ಒಂದು ದಿನ ರುದ್ರನಾಟಕವಾಗಿಯೂ ಮತ್ತೊಂದು ದಿನ ಸುಖಾಂತವಾಗಿಯೂ ಅದನ್ನು ಆಡುತ್ತಿದ್ದರೆಂದೂ ಆ ಕಾಲದ ರಂಗಭೂಮಿಯವನೊಬ್ಬನು ಬರೆದಿಟ್ಟಿದ್ದಾನೆ. ಪ್ರಸಿದ್ಧ ನಟನಾದ ಗ್ಯಾರಿಕ್ 1748ರಲ್ಲಿ, ವಿಷ ಕುಡಿದ ರೋಮಿಯೋ ಸಾಯುವ ಮೊದಲೇ ಜೂಲಿಯೆಟ್ಟಳನ್ನು ಎಚ್ಚರಗೊಳಿಸಿ ಇಬ್ಬರಿಗೂ ಒಂದಿಷ್ಟು ಮಾತನ್ನು ಒದಗಿಸಿದನು. ಇನ್ನು ಅನೇಕ ನಾಟಕಮಂಡಲಿಗಳು ಅವಳು ಕಠಾರಿಯಿಂದ ಇರಿದುಕೊಂಡೊಡನೆ ಪರದೆಯನ್ನು ಇಳಿಸಿಬಿಡುವುದುಂಟು. ಅದರಿಂದ ಬಿಟ್ಟುಹೋಗುವುದು ಸಂನ್ಯಾಸಿಯ ನಲವತ್ತು ಪಂಕ್ತಿಗಳ ಭಾಷಣ. ಪ್ರೇಕ್ಷಕರಿಗೆ ಆಗಲೇ ತಿಳಿದಿರುವುದನ್ನೆಲ್ಲ ಮತ್ತೆ ಹೇಳುವ ಈ ಭಾಷಣವು ಬೇಸರವೆಂದು ವಿಮರ್ಶಕರು ಹಳಿಯುತ್ತಾರೆ. ಸಂಕ್ಷೇಪವಾಗಿ ಹೇಳುವೆನೆಂದು ಅವನು ಆರಂಭಿಸುವುದಂತೂ ನಗು ತರಿಸುತ್ತದೆ. ಆದರೆ ನಮಗೆ ತಿಳಿದಿದ್ದರೇನಾಯಿತು? ಅಲ್ಲಿ ಸಮಾಧಿಯ ಬಾಗಿಲಲ್ಲಿ ಪಂಜುಗಳ ಬೆಳಕಿನಲ್ಲಿ ನಿಂತವರಿಗೆ ತಿಳಿದಿರಲಿಲ್ಲ. ಆ ಇಬ್ಬರೂ ಗಂಡಹೆಂಡಿರಾಗಿದ್ದರೆಂಬ ಒಂದು ಮಾತನ್ನು ಎರಡು ಮನೆಗಳವರೂ ಒಟ್ಟಿಗೆ ನಿಂತು ಕೇಳುವುದು ಇದೇ ಮೊದಲು. ಕೇಳಿದವರು ಎದುರುಮಾತನಾಡುವುದಿಲ್ಲ, ಕತ್ತಿ ಹಿರಿಯುವುದಿಲ್ಲ, ಸಂನ್ಯಾಸಿಯನ್ನು ಬೈಯುವುದೂ ಇಲ್ಲ. ಮಗನ ದೇಶಭ್ರಷ್ಟತೆಯ ದುಃಖದಿಂದ ಆ ರಾತ್ರಿಯೇ ಹೆಂಡತಿಯನ್ನು ಕಳೆದುಕೊಂಡು ಒಬ್ಬನೇ ಬಂದಿರುವ ಮಾಂಟೆಗ್ಯೂವಿನ ಕಡೆಗೆ ಕ್ಯಾಪುಲೆಟ್ಟನು ತಾನಾಗಿ ತಿರುಗಿ, ಅಣ್ಣಾ ಎಂದು ಕರೆದು, ಕೈಯನ್ನು ಕೊಡೆಂದು ಕೇಳುತ್ತಾನೆ.