ತೋಟದ ಗಾಡಿ: ಕೈಗೆಷ್ಟು ಭಾರ, ಬೆನ್ನಿಗೆಷ್ಟು ಪೆಟ್ಟು?

ತೋಟಕ್ಕೆ ಗಾಡಿ ಕೊಳ್ಳಲು ಹೊರಟವರು ಎಚ್‌ಪಿ ಕೇಳುತ್ತಾರೆ, ಡೀಸೆಲ್ ಎಷ್ಟು ಕುಡಿಯುತ್ತದೆ ಕೇಳುತ್ತಾರೆ, ಸಬ್ಸಿಡಿ ಉಂಟಾ ಕೇಳುತ್ತಾರೆ. ಸ್ಟೇರಿಂಗ್ ಎಷ್ಟು ಟೈಟು, ಕೂತವನ ಸೊಂಟಕ್ಕೆ ಎಷ್ಟು ಪೆಟ್ಟು ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಶೋರೂಮಿನ ಎದುರಿನ ಸಿಮೆಂಟ್ ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಗಾಡಿಯೂ ಬೆಣ್ಣೆಯೇ. ಗೊಬ್ಬರ ಹೇರಿಕೊಂಡು ಕಲ್ಲು ಎದ್ದ ಇಳಿಜಾರಿನಲ್ಲಿ ಬರುವಾಗ ನಿಜ ಗೊತ್ತಾಗುವುದು. ಅಲ್ಲಿ ಇದು ಬರೇ ಆರಾಮದ ಪ್ರಶ್ನೆಯಲ್ಲ, ಗಾಡಿ ದಾರಿಯಲ್ಲಿ ಉಳಿಯುತ್ತದೋ ತೋಡಿಗೆ ಬೀಳುತ್ತದೋ ಎಂಬ ಪ್ರಶ್ನೆ.

ನಮ್ಮ ಕಡೆ ಗುಡ್ಡದ ದಾರಿಯಲ್ಲಿ ಓಡುವುದು ಮುಖ್ಯವಾಗಿ ಟ್ರೈಲರ್ ಕಟ್ಟಿದ ಪವರ್ ಟಿಲ್ಲರ್, ಹಳೇ ಜೀಪು ಮತ್ತು ಮಿನಿ ಟ್ರಾಕ್ಟರ್. ಬೈಕಿನಂತೆ ಎರಡೂ ಬದಿಗೆ ಕಾಲು ಹಾಕಿ ಕೂರುವ, ನಾಲ್ಕು ದಪ್ಪ ಚಕ್ರದ ಎಟಿವಿ ಅಲ್ಲೊಂದು ಇಲ್ಲೊಂದು ಎಸ್ಟೇಟಿನಲ್ಲಿ ಉಂಟು. ನಾಲ್ಕನ್ನೂ ಓಡಿಸಿ ನೋಡಿದ್ದೇನೆ.

ಟಿಲ್ಲರಿಗೆ ಸ್ಟೇರಿಂಗ್ ಚಕ್ರವೇ ಇಲ್ಲ. ಹ್ಯಾಂಡಲಿನ ಕೆಳಗೆ ಎಡಬಲ ಒಂದೊಂದು ಕ್ಲಚ್. ಎಡದ್ದನ್ನು ಅದುಮಿದರೆ ಎಡ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಬಲ ಚಕ್ರ ಮಾತ್ರ ನೂಕುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಸಮತಟ್ಟು ಜಾಗದಲ್ಲಿ ಬೆರಳಿನ ಕೆಲಸ ಅಷ್ಟೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಇಂಜಿನ್ ಗಾಡಿಯನ್ನು ಎಳೆಯುವುದಿಲ್ಲ, ತಡೆದು ಹಿಡಿಯುತ್ತದೆ. ಎಡ ಕ್ಲಚ್ ಅದುಮಿದಿರೋ, ಎಡ ಚಕ್ರಕ್ಕೆ ಆ ತಡೆ ತಪ್ಪಿ ಅದೇ ಮುಂದೆ ಓಡುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ! ಕೆಲಸಕ್ಕೆ ಹೊಸಬ ಬಂದರೆ ಹೇರು ಸಮೇತ ಇಳಿಜಾರಿಗೆ ಬಿಡುವ ಮೊದಲು ಇದನ್ನು ಮೂರು ಸಲ ಹೇಳಿ, ಖಾಲಿ ಗಾಡಿಯಲ್ಲಿ ತೋರಿಸಿ. ಇಳಿತ ಶುರುವಾಗುವ ಮೊದಲೇ ಚಿಕ್ಕ ಗೇರಿಗೆ ಹಾಕಬೇಕು, ಸ್ಟೇರಿಂಗ್ ಕ್ಲಚ್ ಮುಟ್ಟದೆ ಹ್ಯಾಂಡಲನ್ನೇ ನೂಕಿ ತಿರುಗಿಸಬೇಕು. ಟ್ರೈಲರಿನ ಬ್ರೇಕ್ ಸರಿ ಇರಲೇಬೇಕು.

ಕುಲುಕಿನಲ್ಲೂ ಟಿಲ್ಲರೇ ಮುಂದೆ. ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್, ನಡುವೆ ಸ್ಪ್ರಿಂಗ್ ಅಂತ ಏನೂ ಇಲ್ಲ. ನಡುಕ ನೇರ ಅಂಗೈಗೆ. ಬೆಳಗಿಂದ ಓಡಿಸಿದವನಿಗೆ ಊಟದ ಹೊತ್ತಿಗೆ ಬೆರಳು ಜೋಮು ಹಿಡಿದಿರುತ್ತದೆ. ಹಿಡಿಯ ರಬ್ಬರ್ ಸವೆದರೆ ಬದಲಾಯಿಸಿ, ಇಂಜಿನ್ನಿನ ಬೋಲ್ಟು ಆಗಾಗ ಬಿಗಿ ಮಾಡಿ. ಇಷ್ಟರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ.

ಜೀಪಿನದು ಪ್ಲೇಟ್ ಸ್ಪ್ರಿಂಗ್. ಹೇರಿಗೆಂದು ಮಾಡಿದ್ದು, ಹಾಗಾಗಿ ಖಾಲಿ ಇದ್ದಾಗ ಎಗರಿಸುತ್ತದೆ, ಹಿಂದೆ ನಾಲ್ಕೈದು ಗೋಣಿ ಅಡಿಕೆ ಬಿದ್ದ ಮೇಲೆ ಮೆತ್ತಗಾಗುತ್ತದೆ. ಭಾರ ತಡೆಯಲಿ ಅಂತ ಒಂದು ಪ್ಲೇಟು ಹೆಚ್ಚು ಹಾಕಿಸುವವರು ಖಾಲಿ ಬರುವ ದಾರಿಯಲ್ಲಿ ಬೆನ್ನಿಗೆ ಏನಾಗುತ್ತದೆ ಅಂತಲೂ ಯೋಚಿಸಬೇಕು. ಕುಲುಕು ಕಡಿಮೆಯಾಗಲಿ ಎಂದು ಟಯರಿನ ಗಾಳಿ ಇಳಿಸಿದರೆ ಟಯರು ನೆಲಕ್ಕೆ ಹೆಚ್ಚು ಅಂಟಿ ಸ್ಟೇರಿಂಗ್ ಭಾರವಾಗುತ್ತದೆ. ಚಂದಕ್ಕೆಂದು ಅಗಲ ಟಯರ್ ಹಾಕಿಸಿದರೂ ಅದೇ ಕಥೆ. ಪವರ್ ಸ್ಟೇರಿಂಗ್ ಇಲ್ಲದ ಹಳೇ ಜೀಪಿಗೆ ಕಂಪೆನಿ ಹೇಳಿದ ಅಳತೆಯ ಟಯರು, ಸರಿಯಾದ ಗಾಳಿ, ಕಿಂಗ್ ಪಿನ್ನಿಗೆ ಹೊತ್ತುಹೊತ್ತಿಗೆ ಗ್ರೀಸ್ ಇಷ್ಟಿದ್ದರೆ ಅರ್ಧ ಭಾರ ಇಳಿದಂತೆಯೇ. ಇನ್ನೊಂದು ವಿಷಯ, ಹೆಬ್ಬೆರಳನ್ನು ಸ್ಟೇರಿಂಗ್ ಬಳೆಯ ಒಳಗೆ ಸುತ್ತಿ ಹಿಡಿಯಬೇಡಿ. ಮುಂಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಗಿರ್ರನೆ ತಿರುಗಿ ಅದರ ಅಡ್ಡಪಟ್ಟಿ ಬೆರಳನ್ನು ಮುರಿಯಬಹುದು.

ಮಿನಿ ಟ್ರಾಕ್ಟರಿಗೆ ಚಕ್ರದ ಹತ್ತಿರ ಸ್ಪ್ರಿಂಗೇ ಇಲ್ಲ, ಇರುವುದು ಸೀಟಿನ ಕೆಳಗೆ ಮಾತ್ರ. ಹಾಗಾಗಿ ಸೀಟನ್ನು ಕೂತೇ ನೋಡಬೇಕು. ಪವರ್ ಸ್ಟೇರಿಂಗ್ ಇರುವುದಕ್ಕೂ ಇಲ್ಲದ್ದಕ್ಕೂ ಅಜಗಜಾಂತರ. ಅಡಿಕೆ ಮರಗಳ ನಡುವೆ ಹಿಂದೆ ಮುಂದೆ ಮಾಡಿ ತಿರುಗಿಸುವಾಗ, ನಿಂತ ಚಕ್ರವನ್ನು ತಿರುಗಿಸುವುದೇ ಹೆಚ್ಚು ಕಷ್ಟ. ಆ ಕಷ್ಟವನ್ನು ಇದು ತೆಗೆದುಬಿಡುತ್ತದೆ. ಆದರೆ ಅದು ನಡೆಯುವುದು ಇಂಜಿನ್ ತಿರುಗಿಸುವ ಪಂಪಿನ ಎಣ್ಣೆಯ ಒತ್ತಡದಿಂದ. ಡೀಸೆಲ್ ಉಳಿಸುತ್ತೇನೆಂದು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದರೆ ಸ್ಟೇರಿಂಗ್ ಕಲ್ಲಿನಂತಾಗುತ್ತದೆ. ಜೀಪಿರಲಿ ಟ್ರಾಕ್ಟರಿರಲಿ, ನಾಲ್ಕು ಚಕ್ರದ ಗೇರು ಕೆಸರಿಗೆ, ಏರಿಗೆ. ಅದನ್ನು ಡಾಂಬರಿನಲ್ಲೂ ಹಾಕಿಯೇ ಓಡಿಸಿದರೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಜಗಳಾಡುತ್ತವೆ, ಸ್ಟೇರಿಂಗ್ ಬಿಗಿಯುತ್ತದೆ, ಟಯರೂ ಸವೆಯುತ್ತದೆ.

ಬೆನ್ನಿಗೆ ಎಲ್ಲಕ್ಕಿಂತ ಸುಖ ಎಟಿವಿ. ಜೀಪಿನ ಟಯರಿಗೆ 20ಕ್ಕೂ ಹೆಚ್ಚು ಪೌಂಡು ಗಾಳಿ ಬೇಕಾದರೆ ಇದಕ್ಕೆ ಸಾಮಾನ್ಯವಾಗಿ 5-7 ಪೌಂಡು ಸಾಕು. ಸಣ್ಣ ಕಲ್ಲನ್ನು ಟಯರೇ ನುಂಗುತ್ತದೆ. ಇದರಲ್ಲೂ ಎರಡು ಜಾತಿ. ಹಿಂದೆ ಒಂದೇ ಗಟ್ಟಿ ಆಕ್ಸೆಲ್ ಇದ್ದರೆ ಒಂದು ಚಕ್ರ ಕಲ್ಲು ಹತ್ತಿದಾಗ ಇಡೀ ಹಿಂಭಾಗ ವಾಲುತ್ತದೆ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವುದರಿಂದ ತಿರುವಿನಲ್ಲಿ ನೇರ ಹೋಗಲು ಹಟ ಮಾಡುತ್ತದೆ. ಚಕ್ರಕ್ಕೊಂದು ಬೇರೆ ಸ್ಪ್ರಿಂಗ್ ಇದ್ದರೆ ಏಳುವುದು ಆ ಚಕ್ರ ಮಾತ್ರ. ಎಟಿವಿಗೆ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಮೊದಲು ಬಂದದ್ದು 2007ರ ಯಮಹಾ ಗ್ರಿಜ್ಲಿ 700 ಮಾಡೆಲಿನಲ್ಲಿ. ಕೈಗೆ ಹಗುರ ಮಾಡುವುದಷ್ಟೇ ಅಲ್ಲ, ಕಲ್ಲು ಬಡಿದ ಪೆಟ್ಟು ಹ್ಯಾಂಡಲಿಗೆ ಬರುವುದನ್ನೂ ಅದು ತಗ್ಗಿಸುತ್ತದೆ.

ಆದರೆ ಸುಖವಾಗಿದೆ ಎಂದು ವೇಗ ಹೆಚ್ಚಿಸಿದರೆ ಅಡ್ಡ ಇಳಿಜಾರಿನಲ್ಲಿ ಮಗುಚುತ್ತದೆ. ಆಸ್ಟ್ರೇಲಿಯಾದ ಹೊಲಗಳಲ್ಲಿ ಹೀಗೆ ಜನ ಸತ್ತು ಸತ್ತು, 2021ರ ಅಕ್ಟೋಬರಿನಿಂದ ಕೃಷಿಗೆ ಮಾರುವ ಹೊಸ ಗಾಡಿಗಳಿಗೆ ಸವಾರನನ್ನು ಕಾಪಾಡುವ ಕಬ್ಬಿಣದ ಕಮಾನನ್ನು ಕಡ್ಡಾಯ ಮಾಡಬೇಕಾಯಿತು. ಹೇರೂ ಕಡಿಮೆ, ಬೆಲೆಯೂ ಹೆಚ್ಚು. ಒಂದೆರಡು ಎಕರೆಯವರಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ದಾರಿ ಅಗಲ ಇದ್ದರೆ ಪವರ್ ಸ್ಟೇರಿಂಗ್ ಮಿನಿ ಟ್ರಾಕ್ಟರ್, ಇಲ್ಲವಾದರೆ ಟಿಲ್ಲರೇ ಸರಿ.

ಚಕ್ರದ ಸ್ಟೇರಿಂಗ್ ಇರುವ ಗಾಡಿಗಳನ್ನು ಹೋಲಿಸಲು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಿಲ್ಲಿಸಿ, ಕೊಕ್ಕೆಯನ್ನು ಸ್ಟೇರಿಂಗ್ ಬಳೆಗೆ ಸಿಕ್ಕಿಸಿ ಬಳೆ ತಿರುಗುವ ದಿಕ್ಕಿಗೇ ಎಳೆಯಿರಿ. ಚಕ್ರ ಅಲುಗುವಾಗ ಮುಳ್ಳು ಎಷ್ಟು ಕಿಲೋ ತೋರಿಸಿತು ಬರೆದಿಡಿ. ಎರಡು ಗಾಡಿಗೂ ಒಂದೇ ನೆಲ, ಒಂದೇ ಹೇರು ಇರಬೇಕು. ಡೀಲರ್ ನಕ್ಕರೆ ನಗಲಿ.