ಪುಟ್ಟ ವಿಮಾನಕ್ಕೆ ನಿಜವಾದ ಬಣ್ಣ

ಕಪ್ಪು-ಬಿಳುಪು ಫೋಟೊ ನೋಡಿ ವಿಮಾನದ ಬಣ್ಣ ಹೇಳಬಹುದೇ? ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳ ಪುಟ್ಟ ಮಾದರಿ ತಯಾರಿಸುವ ಹವ್ಯಾಸಿಗಳನ್ನು ದಶಕಗಳಿಂದ ಕಾಡಿರುವ ಪ್ರಶ್ನೆ ಇದು.

ಶತ್ರುವಿನ ಕಣ್ಣು ತಪ್ಪಿಸಲು ಬಳಿಯುವ ಬಣ್ಣಗಳಿಗೆ ಜರ್ಮನಿಯ ವಾಯುಯಾನ ಸಚಿವಾಲಯ ಸಂಖ್ಯೆಗಳನ್ನು ಕೊಟ್ಟಿತ್ತು. 70 ಎಂದರೆ ಕಪ್ಪು-ಹಸಿರು, 71 ಕಡು ಹಸಿರು, 65 ತಿಳಿ ನೀಲಿ. ಮೇಲಿನಿಂದ ನೋಡಿದರೆ ಕಾಡು, ಕೆಳಗಿನಿಂದ ನೋಡಿದರೆ ಆಕಾಶ ಎನ್ನಿಸಬೇಕೆಂಬುದು ಉಪಾಯ. 1941ರ ಸರ್ಕಾರಿ ಕೈಪಿಡಿಯಲ್ಲಿ ಬಣ್ಣದ ಮಾದರಿಗಳೇ ಇದ್ದುದರಿಂದ ಇವುಗಳ ಬಗ್ಗೆ ಹೆಚ್ಚು ತಕರಾರಿಲ್ಲ.

ತೊಡಕಿರುವುದು 1944ರಲ್ಲಿ ಬಂದ 81 ಮತ್ತು 82ರಲ್ಲಿ. 81ನ್ನು ಒಂದು ದಾಖಲೆ ಕಂದು-ನೇರಳೆ ಎಂದರೆ ಮತ್ತೊಂದು ಕಡು ಹಸಿರು ಎನ್ನುತ್ತದೆ!

ಹಳೆಯ ಫೋಟೊ ನೋಡೋಣವೆಂದರೆ ಅದೂ ದಾರಿ ತಪ್ಪಿಸಬಲ್ಲದು. ಅಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅದರಲ್ಲಿ ಕೆಂಪು ಬಣ್ಣ ಕಪ್ಪಾಗಿ ಮೂಡುತ್ತದೆ. ವರ್ಣಚಿತ್ರಗಳು ಕಾಲ ಕಳೆದಂತೆ ಮಾಸಿವೆ. ಬಿದ್ದ ವಿಮಾನಗಳ ಚೂರುಗಳ ಬಣ್ಣವನ್ನು ಬಿಸಿಲು, ಮಣ್ಣು, ನೀರು ಬದಲಿಸಿರುತ್ತವೆ.

ಆದ್ದರಿಂದ ಸಂಶೋಧಕರು ಯಾವ ಸಾಕ್ಷಿಯನ್ನೂ ಒಂಟಿಯಾಗಿ ನಂಬುವುದಿಲ್ಲ. ಕಾರ್ಖಾನೆಯ ಕಡತ, ಫೋಟೊ, ಬಿಸಿಲು ತಾಗದ ಸಂದಿಯಲ್ಲಿ ಉಳಿದ ಬಣ್ಣ, ಎಲ್ಲವನ್ನೂ ತಾಳೆ ನೋಡುತ್ತಾರೆ. ಕೆನೆತ್ ಮೆರಿಕ್ ಮತ್ತು ತಾಮಸ್ ಹಿಚ್‌ಕಾಕ್ 1980ರಲ್ಲಿ ಪ್ರಕಟಿಸಿದ ಗ್ರಂಥ ಬಣ್ಣದ ಚೀಟಿಗಳೊಂದಿಗೇ ಬಂದಿತ್ತು.

ಇಷ್ಟಾದರೂ ಕೆಲಸ ಮುಗಿಯದು. ದೂರದ ವಸ್ತುವಿನ ಬಣ್ಣ ತಿಳಿಯಾಗಿ ಕಾಣುವುದರಿಂದ, 72ರಲ್ಲಿ ಒಂದು ಪಾಲಿನ ಮಾದರಿಗೆ ಕೆಲವರು ತುಸು ಬಿಳಿ ಬೆರೆಸುತ್ತಾರೆ.

ಮಗ ಅಥವಾ ಮಗಳು ಪುಟ್ಟ ವಿಮಾನ ಹಿಡಿದು ಕೂತರೆ ಅದು ಬರೀ ಆಟವಲ್ಲ. 'ಈ ಬಣ್ಣವೇ ಎಂದು ಹೇಗೆ ಗೊತ್ತು?' ಎಂದು ಕೇಳಿ ನೋಡಿ. ಇತಿಹಾಸದ ಪಾಠ ಅಲ್ಲಿಂದಲೇ ಶುರುವಾಗುತ್ತದೆ.